ಓದಿಸುವ ಬೆಳಕು: ಶಾಸನದ ಕಲ್ಲಿನ ಫೋಟೊ ತೆಗೆಯುವುದು, ತೆಗೆದದ್ದನ್ನು ಎಲ್ಲರ ಕೈಗೆ ಕೊಡುವುದು

(ಶಾಸನ ಛಾಯಾಗ್ರಹಣ ಕುರಿತ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಊರ ಮುಂದಿನ ಶಾಸನದ ಫೋಟೊ ಕಳಿಸಿ ಎಂದರೆ ಸಾಮಾನ್ಯವಾಗಿ ಬರುವುದು ಒಂದೇ ಬಗೆಯ ಚಿತ್ರ. ಬೆಳಿಗ್ಗೆ ಒಂಬತ್ತರ ಬಿಸಿಲು ಕಲ್ಲಿನ ಮುಖಕ್ಕೆ ನೇರವಾಗಿ ಬಿದ್ದಿರುತ್ತದೆ. ತೆಗೆದವರು ಸೂರ್ಯನಿಗೆ ಬೆನ್ನು ಮಾಡಿ ನಿಂತಿರುತ್ತಾರೆ. ಕಲ್ಲು, ಹಿಂದಿನ ಬೇವಿನ ಮರ, ಪಕ್ಕದ ಬೋರ್ಡು ಎಲ್ಲವೂ ಸ್ಪಷ್ಟ, ಅಕ್ಷರ ಮಾತ್ರ ಒಂದೂ ಓದಲು ಬರುವುದಿಲ್ಲ. ಹೆಚ್ಚಿನವರು ಆಗ ಕ್ಯಾಮೆರಾ ಸಾಲದು ಅಂದುಕೊಳ್ಳುತ್ತಾರೆ. ಕ್ಯಾಮೆರಾ ಧಾರಾಳವಾಗಿ ಸಾಕು. ಬೆಳಕು ಎದುರಿನಿಂದ ಬಿದ್ದರೆ ಅಕ್ಷರ ಕೊರೆದ ಗೀರಿನ ತಳವೂ ಸುತ್ತಲಿನ ಕಲ್ಲೂ ಒಂದೇ ಪ್ರಮಾಣದಲ್ಲಿ ಬೆಳಗುತ್ತವೆ. ಉತ್ತ ಹೊಲದ ಸಾಲುಗಳು ಮಧ್ಯಾಹ್ನ ಕಾಣದೆ ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುತ್ತವಲ್ಲ, ಕಲ್ಲಿನ ಮೇಲಿನ ಅಕ್ಷರದ್ದೂ ಅದೇ ಲೆಕ್ಕ.

ಇವತ್ತು ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು. ಶಾಸನದ ಫೋಟೊ ಒಂದು ಸಾಕ್ಷ್ಯ. ಹಳಗನ್ನಡ ಲಿಪಿ ಓದಬಲ್ಲವರು ಸಾಮಾನ್ಯವಾಗಿ ಆ ಕಲ್ಲಿನ ಹತ್ತಿರ ಇರುವುದಿಲ್ಲ, ಕಲ್ಲಿನ ಹತ್ತಿರ ಇರುವವರಿಗೆ ಆ ಲಿಪಿ ಬರುವುದಿಲ್ಲ. ಇಬ್ಬರ ನಡುವೆ ಹೋಗಿ ಬರುವುದು ನೀವು ತೆಗೆದ ಚಿತ್ರ. ಹಾಗಾಗಿ ಎರಡು ಕೆಲಸ ಒಟ್ಟಿಗೆ ಆಗಬೇಕು: ಓದುವವರಿಗೆ ಬೇಕಾದ ಬೆಳಕಿನಲ್ಲಿ ತೆಗೆಯಬೇಕು, ಆಮೇಲೆ ಅದನ್ನು ಬೀಗ ಹಾಕದೆ ಬಿಡಬೇಕು. ಒಂದಾಗಿ ಇನ್ನೊಂದು ಆಗದಿದ್ದರೆ ಕೆಲಸ ಅರ್ಧಕ್ಕೆ ನಿಂತ ಹಾಗೆ.

ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ಕಾಲದಿಂದ, ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಮೊದಲ ಸಂಪುಟ ಬಂದ 1886ರ ಸುಮಾರಿನಿಂದ, ನಮ್ಮ ಶಾಸನಗಳು ಬಹುಪಾಲು ಪಡಿಯಚ್ಚಿನ ಮೂಲಕ ದಾಖಲಾಗಿವೆ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್‌ನಿಂದ ಬಡಿದು ಗೀರಿನೊಳಕ್ಕೆ ಇಳಿಸಿ, ಮೇಲೆ ಮಸಿ ಒತ್ತುವ ವಿಧಾನ ಅದು. ಬಲ್ಲವರ ಕೈಯಲ್ಲಿ ಇವತ್ತಿಗೂ ಅದು ಅದ್ಭುತವಾದ ವಿಧಾನ. ಆದರೆ ಕಲ್ಲನ್ನು ಮುಟ್ಟಲೇಬೇಕು, ಒದ್ದೆ ಮಾಡಲೇಬೇಕು. ಫೋಟೊಗೆ ಎರಡೂ ಬೇಡ. ಅಂದು ದಾಖಲಾದ ಎಷ್ಟೋ ಕಲ್ಲುಗಳು ಇಂದು ರಸ್ತೆಯ ಕೆಳಗೋ ಕಟ್ಟಡದ ತಳಪಾಯದಲ್ಲೋ ಸೇರಿಹೋಗಿವೆ ಎಂಬುದು ಗೊತ್ತಿದ್ದರೆ ಈ ಕೆಲಸ ಮುಂದಿನ ವರ್ಷಕ್ಕೆ ಬಿಡುವಂಥದ್ದಲ್ಲ ಎಂಬುದೂ ಗೊತ್ತಾಗುತ್ತದೆ.

ಕೋನ

ಬೆಳಕಿನ ಕೋನ ಎಂದು ನಾನು ಇಲ್ಲಿ ಹೇಳುವಾಗ ಕಲ್ಲಿನ ಮೇಲ್ಮೈಯಿಂದ ಅಳೆದ ಕೋನ ಎಂದು ತಿಳಿಯಿರಿ. ಎದುರಿನ ಬೆಳಕು 90 ಡಿಗ್ರಿ, ಕಲ್ಲನ್ನು ಸವರಿಕೊಂಡು ಹೋಗುವ ಬೆಳಕು 0 ಡಿಗ್ರಿ. ಎಷ್ಟು ತಗ್ಗಿಸಬೇಕು ಎಂಬುದನ್ನು ಗೀರಿನ ಆಳ, ಅಗಲ ತೀರ್ಮಾನಿಸುತ್ತವೆ. ಗೀರು 5 ಮಿ.ಮೀ. ಅಗಲ, 3 ಮಿ.ಮೀ. ಆಳ ಇದ್ದರೆ 30 ಡಿಗ್ರಿಯಲ್ಲೇ ಅದರ ತಳ ಪೂರ್ತಿ ನೆರಳಿನಲ್ಲಿ ಮುಳುಗುತ್ತದೆ. ಅದೇ ಸವೆದು ಅರ್ಧ ಮಿ.ಮೀ. ಆಳ ಉಳಿದ, 4 ಮಿ.ಮೀ. ಅಗಲದ ಗೀರಾದರೆ 7 ಡಿಗ್ರಿಗೆ ಇಳಿಯಬೇಕು.

ಹಾಗಾದರೆ ಯಾವಾಗಲೂ 7 ಡಿಗ್ರಿ ಇಡೋಣ ಎಂದರೆ ಆಗುವುದಿಲ್ಲ, ಅದಕ್ಕೆ ಕಲ್ಲಿನ ಜಾತಿ ಅಡ್ಡ ಬರುತ್ತದೆ. ಹೊಯ್ಸಳರ ಬಳಪದ ಕಲ್ಲು ನುಣುಪು. ಅಲ್ಲಿ ತಗ್ಗಿನ ಬೆಳಕು ಸೊಗಸಾಗಿ ಕೆಲಸ ಮಾಡುತ್ತದೆ. ಬೆಂಗಳೂರು, ಕೋಲಾರದ ಕಡೆಯ ಗ್ರಾನೈಟಿನಲ್ಲಿ ಹರಳುಗಳೇ ಕೆಲವು ಮಿ.ಮೀ. ದಪ್ಪ ಇರುತ್ತವೆ. ಬೆಳಕು 10 ಡಿಗ್ರಿಗಿಂತ ಕೆಳಗಿಳಿದರೆ ಪ್ರತಿ ಹರಳಿಗೂ ತನ್ನದೇ ನೆರಳು ಬಿದ್ದು ಅಕ್ಷರ ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಗ್ರಾನೈಟಿಗೆ 15ರಿಂದ 25 ಡಿಗ್ರಿಯ ನಡುವೆ ಹುಡುಕಿ. ಬಾದಾಮಿ, ಐಹೊಳೆಯ ಮರಳುಗಲ್ಲು ಇವೆರಡರ ನಡುವಿನದು.

ವೀರಗಲ್ಲಿಗೆ ಒಂದೇ ಕೋನ ಸಾಕಾಗುವುದೇ ಇಲ್ಲ. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ ಎಂದು ಪಟ್ಟಿಕೆಗಳು ಇರುತ್ತವೆ. ಆ ಉಬ್ಬುಶಿಲ್ಪ ಕೆಲವು ಸೆಂಟಿಮೀಟರ್ ಎದ್ದಿರುತ್ತದೆ. ಪಟ್ಟಿಕೆಗಳ ನಡುವಿನ ಪಟ್ಟಿಯಲ್ಲಿ ಮಿಲಿಮೀಟರ್ ಲೆಕ್ಕದ ಅಕ್ಷರ. ಶಿಲ್ಪಕ್ಕೆ 35ರಿಂದ 45 ಡಿಗ್ರಿ, ಅಕ್ಷರಕ್ಕೆ 10ರಿಂದ 20. ಎರಡನ್ನೂ ಬೇರೆ ಬೇರೆಯಾಗಿ ತೆಗೆಯಬೇಕು. ಅಕ್ಷರದ ಪಟ್ಟಿಗೆ ಮೇಲಿನಿಂದ ಬೆಳಕು ಹಿಡಿದರೆ ಇನ್ನೊಂದು ತೊಂದರೆ ಇದೆ: ಮೇಲಿನ ಅಂಚು 3 ಸೆಂ.ಮೀ. ಮುಂದೆ ಚಾಚಿದ್ದರೆ 10 ಡಿಗ್ರಿ ಬೆಳಕಿನಲ್ಲಿ ಅದರ ನೆರಳು 17 ಸೆಂ.ಮೀ. ಕೆಳಗಿನವರೆಗೂ ಬೀಳುತ್ತದೆ, ನಾಲ್ಕು ಸಾಲು ಅದರಡಿಗೆ ಹೋಗುತ್ತವೆ. ಅಂಥಲ್ಲಿ ಪಕ್ಕದಿಂದ ಹಿಡಿಯಿರಿ.

ದಿಕ್ಕು

ಫೋಟೊ ತೆಗೆಯುವವರು ಹೆಚ್ಚು ಉದಾಸೀನ ಮಾಡುವುದು ದಿಕ್ಕನ್ನು, ಅಕ್ಷರ ತಪ್ಪಾಗಿ ಓದಿಸುವುದೂ ಅದೇ. ಕಲ್ಲಿನ ಮುಖವನ್ನು ಗಡಿಯಾರ ಎಂದುಕೊಳ್ಳಿ. ಬೆಳಕು ನೇರ ಎಡದಿಂದ, ಅಂದರೆ 9 ಗಂಟೆಯ ಕಡೆಯಿಂದ ಬಂದರೆ ನಿಂತ ಗೆರೆಗಳು ಕಪ್ಪಗೆ ಎದ್ದು ಬರುತ್ತವೆ, ಅಡ್ಡ ಗೆರೆಗಳು ಬೆಳಕಿಗೆ ಸಮಾನಾಂತರವಾಗಿ ಮಲಗಿರುವುದರಿಂದ ನೆರಳೇ ಹಿಡಿಯುವುದಿಲ್ಲ. ಕನ್ನಡಕ್ಕೆ ಇದು ದೊಡ್ಡ ನಷ್ಟ, ಏಕೆಂದರೆ ತಲೆಕಟ್ಟು ಅಡ್ಡ ಗೆರೆ. 12 ಗಂಟೆಯ ಕಡೆಯಿಂದ ಹಿಡಿದರೆ ತಲೆಕಟ್ಟು ಚೆನ್ನಾಗಿ ಬರುತ್ತದೆ, ನಿಂತ ಗೆರೆಗಳು ಮಾಸುತ್ತವೆ. ವ ಮತ್ತು ಮ ನಡುವೆ, ಪ ಮತ್ತು ಷ ನಡುವೆ ಇರುವ ವ್ಯತ್ಯಾಸ ಒಂದೊಂದು ಸಣ್ಣ ಗೆರೆಯದು. ಆ ಗೆರೆ ಬೆಳಕಿನ ದಿಕ್ಕಿನಲ್ಲೇ ಮಲಗಿದ್ದರೆ ಚಿತ್ರದಲ್ಲಿ ಇರುವುದೇ ಇಲ್ಲ. ಬೆಂಗಳೂರಿನ ಹೆಸರು ಕಾಣುವ ಬೇಗೂರಿನ ವೀರಗಲ್ಲು ಸುಮಾರು 9ನೆಯ ಶತಮಾನದ ಕೊನೆಯದು. ಅಲ್ಲಿ ಊರಿನ ಹೆಸರನ್ನು ಹೊತ್ತಿರುವುದು ಕೆಲವೇ ಅಕ್ಷರ. ಅಂಥ ಕಡೆ ಒಂದು ಗೆರೆ ಹೋದರೆ ಏನೇನು ಹೋಗುತ್ತದೆ ಎಂದು ಯೋಚಿಸಿ.

ಸೊನ್ನೆಯದು ಇನ್ನೂ ಕಷ್ಟ. ಗ್ರಾನೈಟಿನಲ್ಲಿ ಹರಳು ಉದುರಿದ ಗುಳಿ, ಉಳಿಯಿಂದ ಕೊರೆದ ಅನುಸ್ವಾರ ಎರಡೂ ಒಂದೇ ದಿಕ್ಕಿನ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ದಿಕ್ಕು ಬದಲಿಸುತ್ತಾ ಹೋದರೆ ಕೊರೆದದ್ದರ ಅಂಚು ಎಲ್ಲ ಕಡೆಯಿಂದಲೂ ಸುಮಾರಾಗಿ ಒಂದೇ ರೀತಿ ನೆರಳು ಕೊಡುತ್ತದೆ, ಉದುರಿದ ಗುಳಿಯ ನೆರಳು ಅಡ್ಡಾದಿಡ್ಡಿಯಾಗಿ ಆಕಾರ ಬದಲಿಸುತ್ತದೆ. ಲಿಪಿ ಬಲ್ಲವರು ಅದನ್ನು ನೋಡಿ ತೀರ್ಮಾನಿಸುತ್ತಾರೆ, ಒಂದೇ ಫೋಟೊ ಇದ್ದರೆ ಊಹಿಸುತ್ತಾರೆ.

ಆದ್ದರಿಂದ ಒಂದು ಕಲ್ಲಿಗೆ ಕನಿಷ್ಠ ನಾಲ್ಕು ದಿಕ್ಕು: 10:30, 1:30, 9, 12. ಸಮಯವಿದ್ದರೆ ಎಂಟು. ಮೊದಲನೆಯದು ಎಡ ಮೇಲಿನಿಂದ ಇರಲಿ. ನಮ್ಮ ಕಣ್ಣು ಬೆಳಕು ಮೇಲಿನಿಂದ ಬರುತ್ತದೆ ಎಂದೇ ನಂಬುತ್ತದೆ. ಕೆಳಗಿನಿಂದ ಬೆಳಕು ಹಿಡಿದ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ಕಾಣುತ್ತದೆ, ಓದುವವರಿಗೆ ತಲೆ ತಿರುಗುತ್ತದೆ. ಕೆಳಗಿನ ದಿಕ್ಕುಗಳನ್ನೂ ತೆಗೆದರೆ ಫೈಲಿನ ಹೆಸರಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಕ್ಯಾಮೆರಾ ಮಾತ್ರ ಅಲುಗಬಾರದು. ದಿಕ್ಕು ಬದಲಾದರೂ ಚೌಕಟ್ಟು ಒಂದೇ ಇದ್ದರೆ ನಾಲ್ಕೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಹೋಲಿಸಬಹುದು.

ಯಾವ ಬೆಳಕು

ಸ್ಟುಡಿಯೋ ಅಭ್ಯಾಸವಿರುವವರು ಇಲ್ಲಿ ಮೃದು ಬೆಳಕನ್ನು ಮರೆಯಬೇಕು. 60 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸನ್ನು 2 ಮೀಟರ್ ದೂರದಲ್ಲಿ ಇಟ್ಟರೆ ಕಲ್ಲಿನ ಕಡೆಯಿಂದ ನೋಡಿದಾಗ ಅದು 17 ಡಿಗ್ರಿ ಹರಡಿಕೊಂಡಿರುತ್ತದೆ. 7 ಡಿಗ್ರಿಯ ನೆರಳು ಬೇಕಾದ ಸವೆದ ಗೀರು ಅದರಲ್ಲಿ ಪೂರ್ತಿ ಕರಗಿಹೋಗುತ್ತದೆ. ಫ್ಲ್ಯಾಶ್‌ನ ತಲೆ ಸುಮಾರು 7 ಸೆಂ.ಮೀ. ಅಗಲ, 4 ಮೀಟರ್ ದೂರದಿಂದ ಅದು 1 ಡಿಗ್ರಿ. ಸೂರ್ಯ ಅರ್ಧ ಡಿಗ್ರಿ. ಬೆಳಕಿನ ಮೂಲ ಸಣ್ಣದಾಗಿರಬೇಕು, ದೂರದಲ್ಲಿರಬೇಕು.

ದೂರ ಇರಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. 90 ಸೆಂ.ಮೀ. ಅಗಲದ ಕಲ್ಲಿನ ಹತ್ತಿರದ ಅಂಚಿನಿಂದ 50 ಸೆಂ.ಮೀ. ದೂರಕ್ಕೆ ಟಾರ್ಚ್ ಹಿಡಿದರೆ ಆ ಅಂಚಿಗೂ ಆಚೆಯ ಅಂಚಿಗೂ ಬೆಳಕಿನಲ್ಲಿ ಸುಮಾರು 8 ಪಟ್ಟು, ಅಂದರೆ 3 ಸ್ಟಾಪ್ ವ್ಯತ್ಯಾಸ. ಈಚೆ ಬೆಳ್ಳಗೆ ಸುಟ್ಟುಹೋಗಿ ಆಚೆ ಕತ್ತಲಾಗುತ್ತದೆ. ಕೋನವೂ ಕೆಡುತ್ತದೆ: ನಡುವೆ 15 ಡಿಗ್ರಿ ಇಟ್ಟಿದ್ದರೆ ಈಚೆ 27, ಆಚೆ 10. ಅದೇ ಟಾರ್ಚನ್ನು 4 ಮೀಟರಿಗೆ ಒಯ್ದರೆ ಬೆಳಕಿನ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ, ಕೋನ 17ರಿಂದ 14ರ ನಡುವೆ ನಿಲ್ಲುತ್ತದೆ. ಉಳಿದ ವ್ಯತ್ಯಾಸಕ್ಕೆ ಒಂದು ಉಪಾಯ: ಫ್ಲ್ಯಾಶ್ ಅಥವಾ ಟಾರ್ಚಿನ ನಡು ಕಿರಣವನ್ನು ಕಲ್ಲಿನ ಆಚೆಯ ಅಂಚಿಗೆ ಗುರಿಯಿಡಿ. ಹತ್ತಿರದ ಅಂಚಿಗೆ ಕಿರಣದ ಬದಿಯ ಮಂದ ಬೆಳಕು ಸಿಕ್ಕಿ ಎರಡೂ ಸಮಕ್ಕೆ ಬರುತ್ತವೆ.

ಕೋನ ತಗ್ಗಿದಷ್ಟೂ ಕಲ್ಲಿಗೆ ತಾಗುವ ಬೆಳಕೂ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 15 ಡಿಗ್ರಿಯಲ್ಲಿ ಎದುರು ಬೆಳಕಿನ ಕಾಲು ಭಾಗ, 10 ಡಿಗ್ರಿಯಲ್ಲಿ ಆರನೇ ಒಂದು ಭಾಗ. ಗೈಡ್ ನಂಬರ್, ಅಂದರೆ ಫ್ಲ್ಯಾಶ್‌ನ ಶಕ್ತಿಯ ಅಳತೆ, 50 ಇರುವ ಫ್ಲ್ಯಾಶ್ 4 ಮೀಟರಿನಿಂದ ಎದುರಿಗೆ ಹೊಡೆದರೆ ಐಎಸ್‌ಒ 100ರಲ್ಲಿ ಎಫ್/12 ಸಿಗುತ್ತದೆ. 15 ಡಿಗ್ರಿಯಲ್ಲಿ ಹೊಡೆದರೆ ಎಫ್/6.3 ಮಾತ್ರ. ಹಾಗಾಗಿ ಹಗಲಿನಲ್ಲಿ, ಮರದ ನೆರಳಿನಲ್ಲೂ, ಸಾಮಾನ್ಯ ಫ್ಲ್ಯಾಶ್ ಗೆಲ್ಲುವುದಿಲ್ಲ. ಆಕಾಶದ ಬೆಳಕು ಎಲ್ಲ ಕಡೆಯಿಂದ ನುಗ್ಗಿ ಗೀರಿನ ನೆರಳನ್ನು ತುಂಬಿಬಿಡುತ್ತದೆ. ಫ್ಲ್ಯಾಶ್ ಮತ್ತು ಟಾರ್ಚ್ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ತೆಗೆಯುವ ಸಾಮಾನು. ಆಗ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎಫ್/8, ಐಎಸ್‌ಒ 100, ಒಂದೆರಡು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಟಾರ್ಚೇ ಸಾಕು. ಎಕ್ಸ್‌ಪೋಷರ್ ನಡೆಯುವಾಗ ಟಾರ್ಚ್ ಅಲ್ಲಾಡಿಸಬೇಡಿ, ನೆರಳು ಕದಡುತ್ತದೆ. ಕೈಯಲ್ಲಿ ಹಿಡಿಯುವುದಕ್ಕಿಂತ ಕೋಲಿಗೆ ಕಟ್ಟಿ ನಿಲ್ಲಿಸುವುದು ಮೇಲು.

ಕತ್ತಲಾದ ಮೇಲೆ ಕಲ್ಲಿನ ಸುತ್ತ ಟಾರ್ಚ್ ಓಡಾಡಿದರೆ ನಿಧಿಗಳ್ಳರು ಎಂದು ಊರವರು ಅನುಮಾನಿಸುವುದು ಸಹಜ, ಅವರ ಅನುಮಾನ ನ್ಯಾಯವಾದದ್ದೂ ಹೌದು. ಮೊದಲೇ ಗ್ರಾಮ ಪಂಚಾಯಿತಿಗೂ ಪಕ್ಕದ ಮನೆಯವರಿಗೂ ಹೇಳಿ, ಸಾಧ್ಯವಾದರೆ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಎಸ್‌ಐ (ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ) ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟುಗಳಿಗೆ ಮುಂಚಿತವಾಗಿ ಅನುಮತಿ ಪಡೆಯಿರಿ.

ಹಗಲಿನಲ್ಲಿ ಏನು ಮಾಡುವುದು? ಕನ್ನಡಿ. ನನ್ನ ಮಟ್ಟಿಗೆ ಈ ಕೆಲಸದ ಅತ್ಯುತ್ತಮ ಉಪಕರಣ ಅದೇ, ಅತಿ ಅಗ್ಗದ್ದೂ ಅದೇ. ಕಲ್ಲು ನೆರಳಿನಲ್ಲಿರುವಾಗ, ಇಲ್ಲವೇ ಟಾರ್ಪಾಲಿನಿಂದ ನೆರಳು ಮಾಡಿ, ಪಕ್ಕದಲ್ಲಿ ಬಿಸಿಲಿಗೆ ನಿಂತವರು ಕನ್ನಡಿಯಿಂದ ಸೂರ್ಯನ ಬೆಳಕನ್ನು ಓರೆಯಾಗಿ ಕಲ್ಲಿನ ಮೇಲೆ ಹಾಯಿಸುತ್ತಾರೆ. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ಕಲ್ಲಿನ ಈ ಅಂಚಿಗೂ ಆ ಅಂಚಿಗೂ ಬೆಳಕಿನಲ್ಲಿ ವ್ಯತ್ಯಾಸವೇ ಇರುವುದಿಲ್ಲ, ಕೋನವೂ ಎಲ್ಲ ಕಡೆ ಒಂದೇ. ದೊಡ್ಡ ಕನ್ನಡಿ ಬೇಕೆಂದೇನೂ ಇಲ್ಲ. 90 ಸೆಂ.ಮೀ. ಅಗಲದ ಕಲ್ಲಿಗೆ ಪಕ್ಕದಿಂದ 15 ಡಿಗ್ರಿಯಲ್ಲಿ ಬೆಳಕು ಹಾಯಿಸಲು 24 ಸೆಂ.ಮೀ. ಅಗಲದ ಕಿರಣ ಸಾಕು. ಬೀರುವಿನ ಬಾಗಿಲಿಗೆ ಹಾಕುವ 30 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಕನ್ನಡಿ ಸುಮಾರು ಒಂದು ಮೀಟರ್ ಎತ್ತರದ ಕಲ್ಲನ್ನು ಪೂರ್ತಿ ಮುಚ್ಚುತ್ತದೆ. ಕನ್ನಡಿ ಚಪ್ಪಟೆಯಾಗಿರಬೇಕು. ತೆಳು ಅಕ್ರಿಲಿಕ್ ಹಾಳೆ ಬಾಗಿ ಬೆಳಕಿನಲ್ಲಿ ಅಲೆ ಎಬ್ಬಿಸುತ್ತದೆ, ಆ ಅಲೆ ಅಕ್ಷರದ ಗೆರೆಯಂತೆಯೇ ಕಾಣುತ್ತದೆ. ಗಾಜಿನದನ್ನು ಹಿಂದೆ ಪ್ಲೈವುಡ್ ಕೊಟ್ಟು, ಅಂಚಿಗೆ ಟೇಪ್ ಸುತ್ತಿ ಒಯ್ಯಿರಿ.

ಕನ್ನಡಿ ಹಿಡಿಯುವವರು ತಿಳಿದಿರಬೇಕಾದ ಎರಡು ವಿಷಯ. ಕನ್ನಡಿ 1 ಡಿಗ್ರಿ ತಿರುಗಿದರೆ ಕಿರಣ 2 ಡಿಗ್ರಿ ತಿರುಗುತ್ತದೆ, ಆದ್ದರಿಂದ ಕೈಯಲ್ಲಿ ಹಿಡಿದರೆ ಬೆಳಕು ನಡುಗುತ್ತಲೇ ಇರುತ್ತದೆ. ಕುರ್ಚಿಗೋ ಏಣಿಗೋ ಒರಗಿಸಿ. ಸೂರ್ಯ ಚಲಿಸುವುದರಿಂದ 4 ಮೀಟರ್ ದೂರದಲ್ಲಿ ಕಿರಣ ನಿಮಿಷಕ್ಕೆ ಒಂದೂಮುಕ್ಕಾಲು ಸೆಂ.ಮೀ. ಸರಿಯುತ್ತದೆ, ಐದು ನಿಮಿಷಕ್ಕೊಮ್ಮೆ ಸರಿಪಡಿಸಬೇಕು. ಕಿರಣ ಯಾರ ಕಣ್ಣಿಗೂ, ರಸ್ತೆಯ ಮೇಲೆ ಬರುವ ಗಾಡಿಗೂ ಹೊಡೆಯಬಾರದು. ಆಕಾಶದ ಬೆಳಕನ್ನು ತಗ್ಗಿಸಲು ಕಲ್ಲಿನ ಮೇಲೂ ಕ್ಯಾಮೆರಾದ ಹಿಂದೆಯೂ ಕಪ್ಪು ಬಟ್ಟೆ ಹಿಡಿದರೆ ಅಕ್ಷರದ ಕಪ್ಪು ಇಮ್ಮಡಿಯಾಗುತ್ತದೆ.

ಗೋಡೆಯ ಮೇಲಿನ ದೊಡ್ಡ ಶಾಸನಗಳಿಗೆ ಕನ್ನಡಿ ಸಾಲದು, ಅಲ್ಲಿ ಸೂರ್ಯನಿಗೇ ಕಾಯಬೇಕು. ಕಾಯುವುದಕ್ಕೂ ಲೆಕ್ಕವಿದೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ನಡುಹಗಲಿಗೆ 1 ಗಂಟೆ ಮೊದಲು ಬಿಸಿಲು ಸುಮಾರು 15 ಡಿಗ್ರಿಯಲ್ಲಿ, 40 ನಿಮಿಷ ಮೊದಲು 10 ಡಿಗ್ರಿಯಲ್ಲಿ ಬೀಳುತ್ತದೆ. ಇಲ್ಲಿ ನಡುಹಗಲು ಎಂದರೆ ಗಡಿಯಾರದ 12 ಅಲ್ಲ, ಸೂರ್ಯ ನೆತ್ತಿಯ ಗೆರೆ ದಾಟುವ ಹೊತ್ತು. ಐಹೊಳೆಯಲ್ಲಿ ಅದು ಸರಾಸರಿ 12:26. ನವೆಂಬರ್ ಮೊದಲಲ್ಲಿ 12:10ರ ಸುಮಾರು, ಫೆಬ್ರವರಿ ಮಧ್ಯದಲ್ಲಿ 12:40ರ ಸುಮಾರು. ಅಲ್ಲಿನ ಮೇಗುತಿ ಬಸದಿಯ ಪೂರ್ವದ ಗೋಡೆಯಲ್ಲಿರುವ ಕವಿ ರವಿಕೀರ್ತಿಯ ಶಾಸನ, ಕ್ರಿ.ಶ. 634ರದು, ಓದಬೇಕೆಂದರೆ ಬೆಳಿಗ್ಗೆ ಎಂಟಕ್ಕೆ ಹೋಗಿ ಪ್ರಯೋಜನವಿಲ್ಲ. ಹನ್ನೊಂದು ಕಾಲರಿಂದ ಹನ್ನೆರಡರ ನಡುವೆ ಅಲ್ಲಿರಬೇಕು. ಡಿಸೆಂಬರಿನಲ್ಲಿ ಇನ್ನೊಂದು ಅನುಕೂಲ: ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಪೂರ್ವದ ಗೋಡೆಗೆ ಬೆಳಕು ಎಡ ಮೇಲಿನಿಂದ, ಹತ್ತೂವರೆ ಹನ್ನೊಂದರ ದಿಕ್ಕಿನಿಂದ ಬರುತ್ತದೆ. ಓದುವವರಿಗೆ ಬೇಕಾದದ್ದು ಅದೇ. ಪಶ್ಚಿಮದ ಗೋಡೆಗೆ ನಡುಹಗಲು ಕಳೆದ ಮೇಲೆ ಇದೇ ಲೆಕ್ಕ, ಬೆಳಕು ಬಲ ಮೇಲಿನಿಂದ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ಬಿಸಿಲೇ ಬೀಳುವುದಿಲ್ಲ ಎಂದು ಕೈಬಿಡಬೇಡಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಜೂನ್ ಕೊನೆಯಲ್ಲಿ ಉತ್ತರದ ಗೋಡೆಗೆ 10 ಡಿಗ್ರಿಯ ಸವರು ಬಿಸಿಲು ಸಿಗುತ್ತದೆ. ಮೋಡ ಬಿಟ್ಟರೆ, ಅಷ್ಟೇ.

ಕ್ಯಾಮೆರಾ, ಫೋನು, ಒಂದು ಮರದ ಕಡ್ಡಿ

ಕ್ಯಾಮೆರಾ ವಿಷಯಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. 50ರಿಂದ 100 ಮಿ.ಮೀ. ಲೆನ್ಸ್, ಎಫ್/8, ಕಡಿಮೆ ಐಎಸ್‌ಒ, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್), ಕೈಯಿಂದ ಫೋಕಸ್, ಸೆನ್ಸರ್ ಕಲ್ಲಿನ ಮುಖಕ್ಕೆ ಸಮಾನಾಂತರ. ಕಲ್ಲು ವಾಲಿದ್ದರೆ ಕ್ಯಾಮೆರಾವನ್ನೂ ಅಷ್ಟೇ ವಾಲಿಸಿ. ಯೋಚಿಸಬೇಕಾದ ಅಂಕಿ ಒಂದೇ: ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್. ಒಂದೂವರೆ ಮೀಟರ್ ಎತ್ತರದ ಕಲ್ಲನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 ಪಿಕ್ಸೆಲ್ ಉದ್ದಕ್ಕೆ ತುಂಬಿದರೆ ಮಿ.ಮೀ.ಗೆ 4, 25 ಮಿ.ಮೀ. ಅಕ್ಷರಕ್ಕೆ 100 ಪಿಕ್ಸೆಲ್ ಎತ್ತರ. ಇದು ಧಾರಾಳ. 12 ಮೆಗಾಪಿಕ್ಸೆಲ್ ಫೋನಿನಲ್ಲೂ 65 ಪಿಕ್ಸೆಲ್ ಸಿಗುತ್ತದೆ, ಓದಲು ಸಾಕು. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಉದ್ದ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ, ಮಿ.ಮೀ.ಗೆ ಒಂದೇ ಪಿಕ್ಸೆಲ್. ಸಣ್ಣ ಗೆರೆಗಳು ಅಲ್ಲೇ ಸಾಯುತ್ತವೆ. ತೆಗೆದ ದಿನಾಂಕದಂಥ ವಿವರಗಳೂ ಅಳಿಸಿಹೋಗುತ್ತವೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಫೋನಿನಲ್ಲಿ ಬೇರೆ ಅಪಾಯವಿದೆ. ಎಚ್‌ಡಿಆರ್ ಮತ್ತು ನೈಟ್ ಮೋಡ್ ನೆರಳನ್ನು ಎತ್ತಿ ಬೆಳಗಿಸಲೆಂದೇ ಇರುವಂಥವು. ನಾವು ಕಷ್ಟಪಟ್ಟು ಹಾಕಿದ ನೆರಳನ್ನು ಅವು ತೆಗೆದುಹಾಕುತ್ತವೆ. ಎರಡನ್ನೂ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಓಪನ್ ಕ್ಯಾಮೆರಾ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಅನುಕೂಲ. ಅಗಲದ ಲೆನ್ಸ್ ಬಿಟ್ಟು 2ಎಕ್ಸ್ ಬಳಸಿ, ಹಿಂದೆ ಸರಿದು ನಿಲ್ಲಿ. ಎಐ ಬಳಸಿ ಚಿತ್ರ ಚುರುಕು ಮಾಡುವ ಆ್ಯಪ್‌ಗಳನ್ನು ಶಾಸನದ ಹತ್ತಿರಕ್ಕೂ ತರಬೇಡಿ. ಅವು ಇಲ್ಲದ ಗೆರೆಯನ್ನು ಇದ್ದಂತೆ ಬರೆಯುತ್ತವೆ, ಅದು ಕಲ್ಲಿನದೋ ಯಂತ್ರದ್ದೋ ಎಂದು ಆಮೇಲೆ ಯಾರಿಗೂ ಹೇಳಲಾಗದು.

ಈಗ ಆ ಕಡ್ಡಿ. ಒಂದು ಗಟ್ಟಿ ರಟ್ಟಿನ ಮೇಲೆ 10 ಸೆಂ.ಮೀ. ಕಪ್ಪು ಬಿಳಿ ಅಳತೆಪಟ್ಟಿ ಅಂಟಿಸಿ, ಪಕ್ಕದಲ್ಲಿ ಸರಿಯಾಗಿ 1 ಸೆಂ.ಮೀ. ಎದ್ದಿರುವಂತೆ ಒಂದು ಮರದ ಕಡ್ಡಿಯನ್ನು ನೆಟ್ಟಗೆ ಅಂಟಿಸಿ. ಈ ರಟ್ಟನ್ನು ಕಲ್ಲಿನ ಮುಖದ ಮಟ್ಟಕ್ಕೆ ಸರಿಯಾಗಿ, ಅಕ್ಷರವಿಲ್ಲದ ಕಡೆ ಇಟ್ಟು ಪ್ರತಿ ಚಿತ್ರದಲ್ಲೂ ಬರುವಂತೆ ನೋಡಿಕೊಳ್ಳಿ. ಕಡ್ಡಿಯ ನೆರಳು ಬೆಳಕಿನ ದಿಕ್ಕನ್ನು ತೋರಿಸುತ್ತದೆ. ಅದರ ಉದ್ದ ಕೋನವನ್ನು ಹೇಳುತ್ತದೆ. ನೆರಳು 1.7 ಸೆಂ.ಮೀ. ಇದ್ದರೆ 30 ಡಿಗ್ರಿ, 2.7 ಇದ್ದರೆ 20, 3.7 ಇದ್ದರೆ 15, 5.7 ಇದ್ದರೆ 10. ಐವತ್ತು ವರ್ಷ ಕಳೆದ ಮೇಲೆ ಚಿತ್ರ ನೋಡುವವರಿಗೂ ಬೆಳಕು ಎಲ್ಲಿಂದ ಬಂತು ಎಂದು ನಿಮ್ಮನ್ನು ಕೇಳುವ ಅಗತ್ಯ ಬೀಳುವುದಿಲ್ಲ.

ಕಲ್ಲನ್ನು ಸಿದ್ಧಪಡಿಸುವ ಬಗ್ಗೆ ಒಂದೇ ಮಾತು: ಮೃದುವಾದ ಒಣ ಬ್ರಷ್‌ನಿಂದ ಧೂಳು ಕೊಡವಿ, ಅಷ್ಟಕ್ಕೇ ನಿಲ್ಲಿಸಿ. ಸೀಮೆಸುಣ್ಣ, ಹಿಟ್ಟು, ಎಣ್ಣೆ, ತಂತಿ ಬ್ರಷ್ ಯಾವುದೂ ಬೇಡ. ಅಕ್ಷರಕ್ಕೆ ಸೀಮೆಸುಣ್ಣ ತುಂಬಿದವರು ಕಲ್ಲನ್ನು ಕೆಡಿಸುವುದರ ಜೊತೆಗೆ ತಮ್ಮ ಓದನ್ನೇ ಕಲ್ಲಿನ ಮೇಲೆ ಬರೆದಿರುತ್ತಾರೆ. ಪೂಜೆಗೊಳ್ಳುವ ಕಲ್ಲಾದರೆ ಅರಿಸಿನ, ಕುಂಕುಮ, ಎಣ್ಣೆ ಇರುತ್ತದೆ; ಪೂಜೆ ಮಾಡುವವರನ್ನು ಕೇಳಿ, ಅವರೇ ಒರೆಸಿಕೊಟ್ಟರೆ ಸರಿ, ಇಲ್ಲದಿದ್ದರೆ ಇದ್ದಂತೆಯೇ ತೆಗೆಯಿರಿ. ಮಳೆಯಲ್ಲಿ ನೆಂದ ಕಲ್ಲು ಹೊಳೆಯುತ್ತದೆ, ಆ ಹೊಳಪು ಗೀರಿನ ಅಂಚನ್ನು ನುಂಗುತ್ತದೆ. ಒಣಗಲು ಬಿಡಿ.

ನಾಲ್ಕು ದಿಕ್ಕಿಗೂ ಜಗ್ಗದ ಕಲ್ಲುಗಳಿಗೆ ಆರ್‌ಟಿಐ ಇದೆ. ಮಾಹಿತಿ ಹಕ್ಕಿನ ಆರ್‌ಟಿಐ ಅಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನದಿಂದ ಬೆಳೆದದ್ದು. ಕ್ಯಾಮೆರಾ ಅಲುಗದೆ, ಬೆಳಕನ್ನು ಮಾತ್ರ 15ರಿಂದ 65 ಡಿಗ್ರಿಯ ನಡುವೆ ಎಲ್ಲ ದಿಕ್ಕಿಗೂ ಸರಿಸುತ್ತಾ 40ರಿಂದ 60 ಚಿತ್ರ ತೆಗೆಯಬೇಕು. ಚೌಕಟ್ಟಿನಲ್ಲಿ ಹೊಳೆಯುವ ಕಪ್ಪು ಗೋಲಿ ಇರಬೇಕು. ಅದರ ಮೇಲಿನ ಬೆಳಕಿನ ಚುಕ್ಕೆಯಿಂದ ತಂತ್ರಾಂಶ ಪ್ರತಿ ಚಿತ್ರದ ದಿಕ್ಕನ್ನು ಲೆಕ್ಕ ಹಾಕುತ್ತದೆ. ಗೋಲಿ ಚಿತ್ರದಲ್ಲಿ ಕನಿಷ್ಠ 200 ಪಿಕ್ಸೆಲ್ ಅಗಲ ಬರಬೇಕು, ಮಿ.ಮೀ.ಗೆ 4 ಪಿಕ್ಸೆಲ್ ಇದ್ದರೆ 52 ಮಿ.ಮೀ. ದಪ್ಪದ ಸ್ನೂಕರಿನ ಕಪ್ಪು ಚೆಂಡು ಸರಿಹೋಗುತ್ತದೆ. ಬೆಳಕಿನ ದೂರ ಪ್ರತಿ ಸಲವೂ ಒಂದೇ ಇರಲೆಂದು ಫ್ಲ್ಯಾಶ್‌ಗೆ ಒಂದು ದಾರ ಕಟ್ಟಿ, ಕಲ್ಲಿನ ನಡುವಿಗೆ ಹಿಡಿದು ಅಳೆದು, ದಾರ ಬಿಟ್ಟು ಹೊಡೆಯಿರಿ. ದಾರದ ಉದ್ದ ಕಲ್ಲಿನ ಕರ್ಣದ 2ರಿಂದ 4 ಪಟ್ಟು. ಇಟಲಿಯ ಸಂಶೋಧಕರು ರೂಪಿಸಿದ ರಿಲೈಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಚಿತ್ರಗಳನ್ನು ಸೇರಿಸಿದರೆ ಪರದೆಯ ಮೇಲೆಯೇ ಬೆಳಕನ್ನು ಬೇಕಾದ ಕಡೆಗೆ ಎಳೆದು ಅಕ್ಷರ ಓದಬಹುದು. ಬೆಂಗಳೂರಿನಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಾಸನಗಳನ್ನು ಸ್ಕ್ಯಾನರ್‌ನಿಂದ 3ಡಿಯಲ್ಲಿ ದಾಖಲಿಸುತ್ತಿದೆ. ಅಂಥ ಸ್ಕ್ಯಾನರ್ ಎಲ್ಲ ಊರಿಗೂ ಬರುವವರೆಗೆ ಕನ್ನಡಿ, ಟಾರ್ಚು ಕೆಲಸ ನಿಲ್ಲಿಸಬೇಕಾಗಿಲ್ಲ.

ಬಿಟ್ಟುಕೊಡುವುದು

ಶಾಸನಕ್ಕೆ ಕೃತಿಸ್ವಾಮ್ಯ ಇಲ್ಲ, ಆದರೆ ಅದರ ಫೋಟೊಗೆ ಇದೆ. ಭಾರತದ 1957ರ ಕಾಯ್ದೆಯಂತೆ, 2012ರ ತಿದ್ದುಪಡಿಯ ನಂತರ, ಅದು ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಇನ್ನೂ 60 ವರ್ಷ. ನೀವು ಏನೂ ಬರೆಯದೆ ಚಿತ್ರವನ್ನು ಎಲ್ಲೋ ಹಾಕಿದರೆ ಅದು ಮುಚ್ಚಿದ ಬಾಗಿಲೇ: ಪ್ರಾಮಾಣಿಕ ಸಂಶೋಧಕರು ನಿಮ್ಮ ಅನುಮತಿಗಾಗಿ ಕಾಯುತ್ತಾರೆ, ನೀವು ಸಿಗದಿದ್ದರೆ ಬಿಟ್ಟುಬಿಡುತ್ತಾರೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಈ ಅನುಮತಿಯನ್ನು ಮೊದಲೇ ಬರೆದುಕೊಟ್ಟಂತೆ. ನನ್ನ ಸಲಹೆ ಸಿಸಿ ಬಿವೈ-ಎಸ್‌ಎ 4.0: ಹೆಸರು ಹೇಳಬೇಕು, ಬದಲಿಸಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಹೆಸರು ಹೇಳಿದರೆ ಸಾಕು ಅನ್ನುವವರಿಗೆ ಸಿಸಿ ಬಿವೈ.

ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಹಾಕುವ ಆಸೆ ಬಹಳ ಜನರಿಗೆ. ಹಾಕಬೇಡಿ. ಆ ಷರತ್ತಿರುವ ಚಿತ್ರವನ್ನು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್ ಸ್ವೀಕರಿಸುವುದಿಲ್ಲ, ಆದ್ದರಿಂದ ಕನ್ನಡ ವಿಕಿಪೀಡಿಯದ ಲೇಖನದಲ್ಲಿ ಅದು ಬರುವುದಿಲ್ಲ. ಊರಿನ ಇತಿಹಾಸ ಬರೆದು 80 ರೂಪಾಯಿಗೆ ಮಾರುವ ಮೇಷ್ಟ್ರೂ, ಜಿಲ್ಲೆಯ ಪತ್ರಿಕೆಯೂ ಆ ಷರತ್ತಿನಿಂದ ಹೊರಗೆ ಉಳಿಯುತ್ತಾರೆ. ಬದಲಾಯಿಸಬಾರದು ಎಂಬ ಷರತ್ತಿನದೂ ಇದೇ ಕಥೆ. ಅಕ್ಷರದ ಮೇಲೆ ಗೆರೆ ಎಳೆದು ತೋರಿಸುವುದೂ ಬದಲಾವಣೆಯೇ. ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲಾಗದು, ಅದು ತಿಳಿದೇ ಕೊಡಿ. ಗೆಳೆಯರು ತೆಗೆದ ಚಿತ್ರವನ್ನು ಅವರ ಒಪ್ಪಿಗೆ ಇಲ್ಲದೆ ಏರಿಸಬೇಡಿ.

ಚಿತ್ರದ ಮೇಲೆ ಹೆಸರಿನ ಮುದ್ರೆ ಒತ್ತಬೇಡಿ, ಅದು ಯಾವುದೋ ಸಾಲಿನ ಮೇಲೆ ಬಿದ್ದೇ ಬೀಳುತ್ತದೆ. ಹೆಸರನ್ನು ಫೈಲಿನ ಒಳ ವಿವರದಲ್ಲೂ ಪುಟದ ಲೇಖಕರ ಜಾಗದಲ್ಲೂ ಬರೆಯಿರಿ.

ಕಾಮನ್ಸ್‌ಗೆ ಏರಿಸುವಾಗ ಚೆನ್ನಾಗಿ ಬಂದ ಒಂದನ್ನು ಆರಿಸಿ ಉಳಿದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಾಲ್ಕೋ ಎಂಟೋ ದಿಕ್ಕಿನ ಚಿತ್ರಗಳು, ಎದುರು ಬೆಳಕಿನದೊಂದು, ಸುತ್ತಲಿನ ಜಾಗ ಕಾಣುವುದೊಂದು, ಎಲ್ಲವೂ ಪೂರ್ತಿ ಗಾತ್ರದಲ್ಲಿ ಹೋಗಲಿ. ನಿಮಗೆ ಮಂಕಾಗಿ ಕಂಡ 9 ಗಂಟೆಯ ಚಿತ್ರದಲ್ಲೇ ಓದುಗರಿಗೆ ಬೇಕಾದ ಒಂದು ಕೊಂಬು ಇರಬಹುದು. ಫೈಲಿನ ಹೆಸರಿನಲ್ಲಿ ಊರು, ತಾಲೂಕು, ಬೆಳಕಿನ ದಿಕ್ಕು. ವಿವರದಲ್ಲಿ ಹೋಬಳಿ, ಜಿಲ್ಲೆ, ಕಲ್ಲಿನ ಅಳತೆ ಮತ್ತು ಜಾತಿ, ಮುಖ ಯಾವ ದಿಕ್ಕಿಗೆ, ತೆಗೆದ ದಿನಾಂಕ, ಈಗಿನ ಸ್ಥಿತಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಪ್ರಕಟವಾದ ಶಾಸನವಾದರೆ ಸಂಪುಟ, ತಾಲೂಕು, ಸಂಖ್ಯೆ ಮೂರನ್ನೂ ಕೊಡಿ, ಏಕೆಂದರೆ ಅಲ್ಲಿ ಸಂಖ್ಯೆ ತಾಲೂಕಿನ ಪ್ರಕಾರ ಇದೆ. ಅಕ್ಷರದ ಮೇಲೆ ಗೆರೆ ಎಳೆದ ಪ್ರತಿ ಮಾಡಿದ್ದರೆ ಅದನ್ನು ಬೇರೆ ಫೈಲಾಗಿ ಏರಿಸಿ, ಇದು ಇಂಥವರ ಓದು ಎಂದು ಬರೆಯಿರಿ. ಕಾಮನ್ಸ್ ಜೆಪೆಗ್, ಟಿಫ್ ಸ್ವೀಕರಿಸುತ್ತದೆ. ರಾ ಫೈಲುಗಳನ್ನು ನೀವೇ ಎರಡು ಬೇರೆ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ.

ಮುಕ್ತವಾಗಿ ಕೊಡಬೇಕು ಎಂದು ಇಷ್ಟು ಹೇಳಿದ ನಾನೇ ಒಂದನ್ನು ತಡೆಹಿಡಿಯಿರಿ ಎನ್ನುತ್ತೇನೆ: ಹೊಲದಲ್ಲಿ, ಕಾಡಿನಂಚಿನಲ್ಲಿ ಒಂಟಿಯಾಗಿ ನಿಂತ ಕಲ್ಲಿನ ಜಿಪಿಎಸ್ ಬಿಂದು. ಶಾಸನದ ಕೆಳಗೆ ನಿಧಿ ಇದೆ ಎಂದು ಅಗೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಫೋನು ತಾನಾಗಿಯೇ ಆ ಬಿಂದುವನ್ನು ಫೈಲಿನೊಳಗೆ ಬರೆದಿರುತ್ತದೆ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಿಂದ ಆ ಭಾಗವನ್ನು ಮಾತ್ರ ಅಳಿಸಿ, ಊರಿನ ಹೆಸರು ಉಳಿಸಿ, ನಿಖರ ಜಾಗವನ್ನು ರಾಜ್ಯ ಪುರಾತತ್ವ ಇಲಾಖೆಗೆ ಬರೆದು ತಿಳಿಸಿ. ದೇವಸ್ಥಾನದ ಅಂಗಳದಲ್ಲಿ, ಶಾಲೆಯ ಮುಂದೆ ಎಲ್ಲರ ಕಣ್ಣೆದುರು ಇರುವ ಕಲ್ಲಿಗೆ ಈ ಜಾಗ್ರತೆ ಬೇಡ. ಅಲ್ಲಿ ಬಿಂದು ಇದ್ದರೇ ಒಳ್ಳೆಯದು.

ಕಲ್ಲುಗಳು ಜಾಗ ಬದಲಿಸುತ್ತವೆ. ರಸ್ತೆ ಅಗಲವಾದಾಗ ದೇವಸ್ಥಾನದೊಳಕ್ಕೆ ಬರುತ್ತವೆ, ಆಮೇಲೆ ವಸ್ತುಸಂಗ್ರಹಾಲಯಕ್ಕೆ ಹೋಗುತ್ತವೆ. ಹಾಗಾದಾಗ ಹಳೆಯ ಪುಟದ ವಿವರವನ್ನು ಅಳಿಸಬೇಡಿ. ಮೊದಲಿದ್ದ ಜಾಗ ಹಾಗೆಯೇ ಇರಲಿ, ಅದರ ಕೆಳಗೆ ಹೊಸ ಜಾಗವನ್ನೂ ಯಾವ ತಿಂಗಳಲ್ಲಿ ಅಲ್ಲಿ ನೋಡಿದಿರಿ ಎಂಬುದನ್ನೂ ಸೇರಿಸಿ. ಸಾಧ್ಯವಾದರೆ ಅದೇ ನಾಲ್ಕು ದಿಕ್ಕಿನಲ್ಲಿ ಮತ್ತೊಮ್ಮೆ ತೆಗೆದು ಏರಿಸಿ, ಸಾಗಿಸುವಾಗ ಯಾವ ಅಂಚು ಮುಕ್ಕಾಯಿತು ಎಂಬುದು ಹಳೆಯದರ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.